ಕಪ್ಪಾ ಪಕ್ಕದ ಜಾಗ

ನಮ್ಮ ಊರಿನಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕುವ ಮನೆಗಳು ತೀರ ಕಡಿಮೆ. ಅವುಗಳಲ್ಲಿ ನಮ್ಮದೂ ಒಂದು. ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಚುರ್ ಎಂಬ ಸದ್ದು, ಅದರ ಹಿಂದೆಯೇ ಸೀದ ಹಾಲಿನ ವಾಸನೆ ಹೊರಟರೆ ಪಕ್ಕದ ಮನೆಯವರು ತಮ್ಮ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಸಹ್ಯದಿಂದಲ್ಲ, ನಮ್ಮ ಮರ್ಯಾದೆ ಉಳಿಸಲಿಕ್ಕೆ. ಹಾಲು ಉಕ್ಕಿತು ಎಂದರೆ ಆ ಮನೆಯಲ್ಲಿ ‘ಮನೆಯದು’ ಇಲ್ಲ ಎಂದು ಅರ್ಥ. ಅಪ್ಪ ನೂಲಿನ ಗಿರಣಿಯ ಕೆಲಸಕ್ಕೆಂದು ಹೊರಗಿನಿಂದ ಬಂದವರು. ನಾನು, ನನ್ನ ತಂಗಿ ಇಲ್ಲೇ ಹುಟ್ಟಿ ಬೆಳೆದರೂ, ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ, ಒಂದು ಮನೆಯದು ತಾನಾಗಿ ಬಂದು ನೆಲೆಸುವಷ್ಟು ನಾವು ಹಳಬರಾಗಿರಲಿಲ್ಲ.

ಉಳಿದವರ ಮನೆಯಲ್ಲಿ ಮನೆ ಕಾಯುವ ಆ ಜೀವ ಇತ್ತು. ಮೆಟ್ಟಿಲ ಕೆಳಗೋ ಬೀಸುವ ಕಲ್ಲಿನ ಹಿಂದೆಯೋ ಇರುತ್ತಿತ್ತು. ತಳ ಹಿಡಿದ ಅನ್ನವನ್ನು ಕೆರೆದು ಒಂದು ತಟ್ಟೆಗೆ ಹಾಕಿಟ್ಟರೆ ಸಾಕು, ಬೇರೆ ಉಪಚಾರವಿಲ್ಲ. ಆದರೆ ಅದನ್ನು ನೇರವಾಗಿ ನೋಡಬಾರದು, ಅದಕ್ಕೆ ಹೆಸರಿಡಬಾರದು, ಅದು ಹೇಗಿದೆಯೆಂದು ಯಾರಿಗೂ ವರ್ಣಿಸಬಾರದು. ನೋಡಿದರೆ ಮನೆ ಬಿಟ್ಟು ಹೋಗುತ್ತದೆ ಎನ್ನುತ್ತಿದ್ದರು. ಹಾಗೆ ಬಿಟ್ಟು ಹೋದದ್ದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ದಾರಿಯಲ್ಲಿ ಸಿಕ್ಕವರು “ಮನೇಲೆಲ್ಲ ಚೆನ್ನಾಗಿದಾರಾ” ಎಂದು ಕೇಳಿ, ಆಮೇಲೆ ದನಿ ತಗ್ಗಿಸಿ “ನಿಮ್ಮನೇದು?” ಎಂದು ಕೇಳುವುದು ರೂಢಿ. ನನ್ನನ್ನು ಮೊದಲನೆಯದನ್ನು ಮಾತ್ರ ಕೇಳುತ್ತಿದ್ದರು.

ನನ್ನ ಹೆಸರು ಷಡಕ್ಷರಿ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುವುದು ನನ್ನ ಕೆಲಸ. ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಗುಲಾಬಿ ಬಣ್ಣದ ಒಸಡು ಕೂರಿಸುತ್ತೇನೆ. ಕೆಲಸ ಮುಗಿದ ಮೇಲೆ ನಾನು ಬೇರೆಯೇ ಮನುಷ್ಯ. ದೂರದೇಶದ ದೆವ್ವ, ಗುಮ್ಮ, ಕುಳ್ಳ ಭೂತ ಎಲ್ಲದರ ಅಭಿಮಾನಿ. ಅದರಲ್ಲೂ ಜಪಾನಿನವು ಅಂದರೆ ಪ್ರಾಣ. ಅವರ ಕಾರ್ಟೂನು ನೋಡಿ ನೋಡಿ ಕಣ್ಣಿಗೆ ಕನ್ನಡಕ ಬಂತು. ನನ್ನ ಕೋಣೆಯ ಗೋಡೆಗೆ ಒಂದು ಉದ್ದನೆಯ ಹಲಗೆ, ಅದರ ಮೇಲೆ ಸಾಲಾಗಿ ಗೊಂಬೆಗಳು. ಮೊದಲು ಕಪ್ಪಾ: ಹೊಳೆಯಲ್ಲಿರುವ ಹಸಿರು ಪ್ರಾಣಿ, ನೆತ್ತಿಯ ಗುಂಡಿಯಲ್ಲಿ ನೀರು, ಸೌತೆಕಾಯಿ ಕಂಡರೆ ಬಿಡುವುದಿಲ್ಲ, ನಾವು ತಲೆ ಬಗ್ಗಿಸಿ ನಮಸ್ಕರಿಸಿದರೆ ಅದೂ ಬಗ್ಗಿ ನೀರೆಲ್ಲ ಚೆಲ್ಲಿಕೊಂಡು ಶಕ್ತಿಗುಂದಿ ಕೂರುತ್ತದೆ. ಅಷ್ಟು ಮರ್ಯಾದಸ್ತ. ಅದರ ಪಕ್ಕದಲ್ಲಿ ಒಂಟಿ ಕಾಲಿನ, ಒಂಟಿ ಕಣ್ಣಿನ, ನಾಲಿಗೆ ಚಾಚಿದ ಹಳೇ ಕೊಡೆ. ಆಮೇಲೆ ಡೊಳ್ಳುಹೊಟ್ಟೆಯ, ವೇಷ ಬದಲಿಸುವ ಕಾಡುನಾಯಿ ತನುಕಿ, ‘ತೆಂಗು’ ಎಂಬ ಉದ್ದ ಮೂಗಿನ ಬೆಟ್ಟದ ಭೂತ, ಬ್ರೆಜಿಲ್ಲಿನ ಕೆಂಪು ಟೊಪ್ಪಿಗೆಯ ಒಂಟಿಕಾಲ, ರಷ್ಯಾದವರ ಒಲೆಯ ಹಿಂದೆ ವಾಸಿಸುವ ಗಡ್ಡದ ಮುದುಕ.

ಫೋನಿನಲ್ಲಿ ನಮ್ಮದೊಂದು ಗುಂಪಿದೆ, ಎಲ್ಲ ದೇಶದ ಅಭಿಮಾನಿಗಳದು. ಒಮ್ಮೆ ಒಬ್ಬಳು ಕೇಳಿದಳು, ನಿಮ್ಮ ಕಡೆ ಏನಾದರೂ ಇವೆಯಾ ಎಂದು. ಅದೇ ಹೊತ್ತಿಗೆ ಎದುರುಮನೆಯ ಮನೆಯದು ನಮ್ಮ ಕಾಂಪೌಂಡಿನ ಮೇಲೆ ನಡೆದು ಹೋಗುತ್ತಿತ್ತು. ನಾನು ಮುಖ ಬೇರೆ ಕಡೆ ತಿರುಗಿಸಿ, ‘ಇವೆ, ಆದರೆ ಹೇಳಿಕೊಳ್ಳುವಂಥವಲ್ಲ’ ಎಂದು ಬರೆದೆ. ಪ್ಲಾಸ್ಟಿಕ್ಕಿನ ಕಪ್ಪಾ ನೋಡಿದರೆ ಮೈ ಜುಮ್ಮೆನ್ನುತ್ತಿತ್ತು, ಜೀವವಿರುವ ಮನೆಯದು ಓಡಾಡಿದರೆ ಬೆಕ್ಕು ಹೋದಂತೆ ಅನಿಸುತ್ತಿತ್ತು. ಯಾಕೆ ಹೀಗೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ತಂಗಿ ದಾಕ್ಷಾಯಿಣಿಗೆ ಪಾಲಾಕ್ಷನ ಸಂಬಂಧ ಬಂದಾಗ ಅಮ್ಮ ದೇವರ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದಳು. ಅವರದು ಊರಿನ ಹಳೇ ಮನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಗಿರಣಿ ರಸ್ತೆಯಲ್ಲಿ ನೋಡಿ ಒಪ್ಪಿಯಾಗಿತ್ತು, ನಾವು ದೊಡ್ಡವರು ಒಪ್ಪುವುದಷ್ಟೇ ಬಾಕಿ. ಅದಕ್ಕೆ ಮುಂಚೆ ಒಂದು ಶಾಸ್ತ್ರ ಇತ್ತು, ಬುಟ್ಟಿ ಇಳಿಸುವುದು. ಗಂಡಿನ ಮನೆಯದನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಒಗೆದ ಬಟ್ಟೆ ಹೊದಿಸಿ, ಹೆಣ್ಣಿನ ಮನೆಯಲ್ಲಿ ಬೆಳಿಗ್ಗೆ ಇಳಿಸಿ ಹೋಗುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅದು ತಾನೇ ನಡೆದುಕೊಂಡು ಮನೆಗೆ ವಾಪಸು ಹೋದರೆ ಒಪ್ಪಿಗೆ. ಎಲ್ಲ ಕಡೆಯೂ ಹೋಗುತ್ತಿತ್ತು. ಹೋಗದಿದ್ದರೆ ಏನು ಮಾಡಬೇಕು ಎಂದು ಯಾರೂ ಯೋಚಿಸಿಯೇ ಇರಲಿಲ್ಲ.

ಪಾಲಾಕ್ಷನ ತಾಯಿ ಸರ್ವಮಂಗಳಮ್ಮ ಸ್ವತಃ ಬುಟ್ಟಿ ಹೊತ್ತು ತಂದರು. ನಡುಮನೆಯಲ್ಲಿ ಇಳಿಸಿ, ಮುಖ ಗೋಡೆಯ ಕಡೆ ಮಾಡಿಕೊಂಡು ಬಟ್ಟೆ ತೆಗೆದು, “ನಮ್ಮತ್ತೆಯ ಅತ್ತೆ ಕಾಲದ್ದು, ಜೋಪಾನ” ಎಂದು ಹೇಳಿ ಹೋದರು. ನಾವೂ ಗೋಡೆ ನೋಡುತ್ತ ನಿಂತೆವು. ಅದು ಬುಟ್ಟಿಯಿಂದ ಇಳಿದು, ಅಡುಗೆಮನೆಗೆ ಹೋಗಿ ಬಂದು, ಸೀದಾ ನನ್ನ ಕೋಣೆಗೆ ಹೋಯಿತು. ದೀಪ ಹಚ್ಚುವ ಹೊತ್ತಾಯಿತು. ಬರಲಿಲ್ಲ. ನಾನು ಕಣ್ಣಂಚಿನಲ್ಲೇ ನೋಡಿದೆ, ಹಲಗೆಯ ಮುಂದೆ ನನ್ನ ಸ್ಟೂಲು ಎಳೆದುಕೊಂಡು ಕೂತಿತ್ತು. ಕೂತೇ ಇತ್ತು.

ನಿಜ ಹೇಳಬೇಕೆಂದರೆ ಮೊದಲಿಗೆ ನನಗೆ ಖುಷಿಯಾಯಿತು. ಇಡೀ ಊರಿನಲ್ಲಿ ನನ್ನ ಗೊಂಬೆಗಳ ಮುಂದೆ ಅಷ್ಟು ಹೊತ್ತು ಕೂತವರು ಯಾರೂ ಇರಲಿಲ್ಲ. ಮರುದಿನ ರಜೆ ಹಾಕಿ, ಕಿಟಕಿ ಕಡೆ ಮುಖ ಮಾಡಿ ನಿಂತು, ಒಂದೊಂದರ ಕಥೆಯನ್ನೂ ಹೇಳಿದೆ. ಕಾರ್ಟೂನು ಹಾಕಿದೆ. ಅದು ಕದಲದೆ ನೋಡಿತು. ಕಪ್ಪಾ ಬಂದಾಗ ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. ಅದು ಮೆಚ್ಚಿಕೊಂಡಿತೋ, ಹೆದರಿತೋ, ತನ್ನ ಯಾವುದೋ ನೆಂಟರೆಂದು ತಿಳಿಯಿತೋ, ನನಗೆ ಗೊತ್ತಾಗಲಿಲ್ಲ. ಮುಖ ನೋಡದೆ ಇನ್ನೊಂದು ಜೀವದ ಮನಸ್ಸು ತಿಳಿಯುವುದಾದರೂ ಹೇಗೆ?

ಅತ್ತ ಸರ್ವಮಂಗಳಮ್ಮನ ಮನೆಯಲ್ಲಿ ಹಾಲು ಉಕ್ಕತೊಡಗಿತು. ಆಯಮ್ಮ ಹುಟ್ಟಿದಾಗಿನಿಂದ ಹಾಲು ಕಾಯ್ದು ನಿಂತವರಲ್ಲ. ಒಲೆಯ ಮೇಲಿಟ್ಟು ಹೂವು ಕಟ್ಟಲು ಕೂರುವುದು ಅಭ್ಯಾಸ. ಮೊದಲ ದಿನ ಒಲೆ ಆರಿತು, ಎರಡನೆಯ ದಿನ ಪಾತ್ರೆ ಸೀದಿತು, ಆಮೇಲೆ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ನಮ್ಮ ಮನೆಯಲ್ಲಿ ಮಾತ್ರ ಹಾಲು ಪಾತ್ರೆಯ ಕಂಠದವರೆಗೆ ಏರಿ, ಹೇಳಿದ ಮಾತು ಕೇಳಿದ ಹಾಗೆ ಇಳಿಯುತ್ತಿತ್ತು. ಅಮ್ಮ ಅದನ್ನು ಖುಷಿಯಿಂದ ನೋಡಿ, ಮರುಕ್ಷಣ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಪಾಲಾಕ್ಷ ಬಂದು ಜಗಲಿಯ ಮೇಲೆ ಕೂತ. “ನಿಮ್ಮನ್ನ ಅನ್ನೋದಿಲ್ಲ ಭಾವ” ಎಂದ. ಮದುವೆ ಆಗುವ ಮುಂಚೆಯೇ ಅವನು ನನ್ನನ್ನು ಭಾವ ಎನ್ನುತ್ತಿದ್ದ. “ಆದ್ರೆ ನೆಂಟರೆಲ್ಲ ಮಾತಾಡ್ತಿದಾರೆ. ಇಲ್ಲದ ಮನೆಯವರು ಇರೋರ ಮನೇದನ್ನ ಇಟ್ಕೊಂಡ್ರು ಅಂತ. ಅದು ವಾಪಸ್ ಬರದೆ ಅಮ್ಮ ಮದುವೆಗೆ ಹೂಂ ಅನ್ನಲ್ಲ.”

“ನಾವೇನು ಕಟ್ಟಿ ಹಾಕಿದೀವಾ?” ಎಂದು ದಾಕ್ಷಿ ಒಳಗಿಂದಲೇ ಕೇಳಿದಳು.

“ಕಟ್ಟಿ ಹಾಕಿದ್ರೆ ಬಿಚ್ಚಬಹುದಿತ್ತು” ಎಂದು ಅವನು ತಲೆ ತಗ್ಗಿಸಿದ.

ಅವನು ಹೋದ ಮೇಲೆ ದಾಕ್ಷಿ ನನ್ನ ಕೋಣೆಗೆ ಬಂದಳು. ಅವಳು ಕೂಗಾಡುವವಳಲ್ಲ. ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ. “ಅಣ್ಣ, ನಿನ್ನ ಗೊಂಬೆಗಳನ್ನೆಲ್ಲ ಎತ್ತಿಡು. ಅವು ಇಲ್ಲದಿದ್ರೆ ಅದಕ್ಕೆ ಇಲ್ಲೇನು ಕೆಲಸ” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಹಲಗೆಯ ಮೇಲೆ ಮೊದಲಿನಂತೆಯೇ ಸಾಲಾಗಿ ನಿಂತಿದ್ದವು. ಮೊದಲಿನಂತೆಯೇ ಎಂದೆ, ಆದರೆ ಒಂದು ವ್ಯತ್ಯಾಸ ಇತ್ತು. ಕಪ್ಪಾಗೂ ಕೊಡೆಗೂ ನಡುವೆ ಒಂದು ಗೇಣು ಜಾಗ ಖಾಲಿ.

ನಾನು ಕೊಡೆಯನ್ನು ಒತ್ತರಿಸಿಟ್ಟೆ. ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ಮತ್ತೆ ಜಾಗ. ಅಲ್ಲಿ ಏನು ಇಡಬೇಕೋ ತಿಳಿಯದೆ ಸೌತೆಕಾಯಿ ಇಟ್ಟೆ. ಅದು ಸೌತೆಕಾಯಿಯನ್ನು ಎತ್ತಿ ನೆಲದ ಮೇಲಿಟ್ಟಿತು. ಅಮ್ಮ ತಳ ಹಿಡಿದ ಅನ್ನದ ತಟ್ಟೆ ಇಟ್ಟಳು. ಅನ್ನ ತಿಂದು ತಟ್ಟೆಯನ್ನು ಬಾಗಿಲ ಹೊರಗಿಟ್ಟಿತು. ಗೊಂಬೆಯೇ ಬೇಕೇನೋ ಎಂದು, ತರಿಸಿ ಬಚ್ಚಿಟ್ಟಿದ್ದ ಒಂಬತ್ತು ಬಾಲದ ನರಿಯನ್ನು ತಂದಿಟ್ಟೆ, ನನಗೆ ಬಹಳ ಇಷ್ಟದ್ದು. ಅದನ್ನು ಒಂದು ಸುತ್ತು ತಿರುಗಿಸಿ, ಬಾಲಗಳನ್ನು ಮುಟ್ಟಿ, ಮೆಲ್ಲಗೆ ಸಾಲಿನ ಕೊನೆಗೆ ಇಟ್ಟಿತು. ಜಾಗ ಹಾಗೇ ಉಳಿಯಿತು. ಹಲಗೆಯ ಮುಂದೆ ನಾನು ಪೆಚ್ಚಾಗಿ ನಿಂತಿದ್ದೆ. ಜಗತ್ತಿನ ಯಾವ ಗುಮ್ಮ ಏನು ತಿನ್ನುತ್ತದೆ, ಯಾವುದು ಯಾವಾಗ ಮುನಿಯುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲ ನನಗೆ, ನನ್ನದೇ ಕೋಣೆಯಲ್ಲಿ ಕೂತಿರುವುದಕ್ಕೆ ಏನು ಬೇಕೆಂದು ತಿಳಿಯದು.

ಭಾನುವಾರ ಮಧ್ಯಾಹ್ನ ದಾಕ್ಷಿ ಬಂದು ಬಾಗಿಲಿಗೆ ಒರಗಿ, ನನ್ನಂತೆಯೇ ಕಿಟಕಿ ಕಡೆ ನೋಡುತ್ತ ನಿಂತಳು. ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಕೇಳಿದಳು, “ಅಣ್ಣ, ಈ ಕಪ್ಪಾನ ಯಾರು ಮಾಡಿದ್ದು?”

“ಯಾರೋ ಜಪಾನಿನ ಕಂಪನಿಯವರು.”

“ಅವರು ಅದನ್ನ ನೋಡಿದ್ರಾ?”

“ನೋಡಿರೋದಿಲ್ಲ. ಹಿಂದಿನೋರು ಹೇಳಿದ್ದು ಕೇಳಿ ಮಾಡಿರ್ತಾರೆ. ಚಿತ್ರ ಬರೆದಿರ್ತಾರೆ.”

“ನೋಡದೇ ಇದ್ದದ್ದಕ್ಕೆ ಇಷ್ಟು ಪ್ರೀತಿಯಿಂದ ಕಣ್ಣು ಮೂಗು ಇಟ್ಟಿದಾರೆ” ಎಂದಳು. “ನಮ್ಮೂರೋರು ದಿನಾ ಜೊತೆಗಿರೋದನ್ನ ನೋಡೋದೂ ಇಲ್ಲ. ಅದು ಜಾಗ ಇಟ್ಕೊಂಡಿರೋದು ತನಗೇ ಕಣೋ ಅಣ್ಣ.”

ಸ್ಟೂಲು ಕಿರ್ ಎಂದಿತು. ಅದು ನಮ್ಮ ಕಡೆ ತಿರುಗಿತ್ತು. ನಾವಿಬ್ಬರೂ ಇನ್ನಷ್ಟು ಗಟ್ಟಿಯಾಗಿ ಕಿಟಕಿಯನ್ನೇ ನೋಡಿದೆವು.

“ಅದರ ಗೊಂಬೆ ಮಾಡೋಕೆ ನಾನು ಅದನ್ನ ನೋಡಬೇಕಾಗುತ್ತೆ ದಾಕ್ಷಿ. ನೋಡಿದ್ರೆ ಹೊರಟು ಹೋಗುತ್ತಂತೆ. ಇಲ್ಲಿಂದಲೂ, ಅವರ ಮನೆಯಿಂದಲೂ” ಎಂದೆ.

“ಹೋದ್ರೆ ನನ್ನ ಮದುವೆ ತಾನೇ ಹೋಗೋದು. ಈಗಲೂ ಆ ಮದುವೆ ಇದೆ ಅಂತ ಯಾರು ಹೇಳಿದ್ರು?” ಎಂದಳು. ಆಮೇಲೆ, ಸಣ್ಣ ದನಿಯಲ್ಲಿ, “ನೋಡು” ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ತಿರುಗುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಹುಟ್ಟಿದಾಗಿನಿಂದ ಅಭ್ಯಾಸವಾದ ಕತ್ತು ಸುಲಭವಾಗಿ ಮಾತು ಕೇಳಲಿಲ್ಲ. ಕೊನೆಗೆ ತಿರುಗಿದೆ. ಅದು ಎಲ್ಲಿಗೂ ಹೋಗಲಿಲ್ಲ. ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿತು.

ಹೇಳಬಾರದು ಎಂಬುದನ್ನು ನಾನೀಗ ಹೇಳುತ್ತಿದ್ದೇನೆ. ಮೊಣಕಾಲಿನಷ್ಟು ಎತ್ತರ. ಹಲಸಿನ ಬೀಜದ ಬಣ್ಣದ ಮೈ, ಮುಟ್ಟಿದರೆ ಬೆಚ್ಚಗಿರಬಹುದು ಅನಿಸುವಂಥದು. ಎಡಗಿವಿ ಮಡಚಿಕೊಂಡಿತ್ತು. ಕಣ್ಣು ದೊಡ್ಡವಲ್ಲ, ಹುಬ್ಬಿಲ್ಲದ್ದರಿಂದ ಸದಾ ಏನೋ ಕೇಳಬೇಕೆಂದಿರುವ ಮುಖ. ಕಾರ್ಟೂನಿನಲ್ಲಿ ಬರುವಷ್ಟು ಚಂದವೂ ಅಲ್ಲ, ಹೆದರುವಂಥದ್ದೂ ಅಲ್ಲ. ಇಷ್ಟೇನಾ ಎಂದು ಒಂದು ಕ್ಷಣ ಅನಿಸಿತು, ಮರುಕ್ಷಣ ಇಷ್ಟೂ ದಿನ ಇದನ್ನು ನೋಡದೆ ಹೇಗಿದ್ದೆ ಅನಿಸಿ ಅಳು ಬಂತು. ಅಭಿಮಾನವೆಂದರೆ ಕುಣಿಯುವಂಥದ್ದು ಎಂದುಕೊಂಡಿದ್ದವನು ನಾನು, ಅಳು ಯಾಕೆ ಬಂತೋ.

ಕ್ಲಿನಿಕ್ಕಿನಿಂದ ಮೇಣ, ಗುಲಾಬಿ ಬಣ್ಣದ ಪುಡಿ, ಸಣ್ಣ ಚಾಕು ತಂದು ಕೂತೆ. ನಾನು ಕಿವಿ ತಿದ್ದುವಾಗ ಅದು ತನ್ನ ಕಿವಿ ಮುಟ್ಟಿಕೊಳ್ಳುತ್ತಿತ್ತು. ಕೈಗಳನ್ನು ಮಾತ್ರ ಬೆನ್ನ ಹಿಂದೆ ಇಟ್ಟುಕೊಂಡಿತ್ತು. “ಕೈ ತೋರ್ಸು” ಎಂದೆ. ತೋರಿಸಲಿಲ್ಲ. “ಕಪ್ಪಾಗೆ ಇದೆ, ತನುಕಿಗೂ ಇದೆ, ನಿನಗೆ ಮಾತ್ರ ಕೈ ಇಲ್ಲದೆ ಮಾಡ್ಲಾ?” ಎಂದೆ. ಅದು ಯೋಚಿಸಿತು. ಆಮೇಲೆ ಎರಡೂ ಕೈ ಮುಂದೆ ತಂದು ನಿಧಾನವಾಗಿ ಅಂಗೈ ಬಿಡಿಸಿತು.

ಅಂಗೈಗಳು ಸುಟ್ಟಿದ್ದವು. ಹೊಸ ಸುಟ್ಟ ಗಾಯವಲ್ಲ. ಸುಟ್ಟು, ವಾಸಿಯಾಗಿ, ಅದರ ಮೇಲೆ ಮತ್ತೆ ಸುಟ್ಟು, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಚರ್ಮ. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮ ಸಂಜೆಯ ಹಾಲು ಒಲೆಗಿಟ್ಟ ಸದ್ದಾಯಿತು. ಅದು ಸ್ಟೂಲಿನಿಂದ ಜಾರಿ ಓಡಿತು. ನಾನು ಹಿಂದೆಯೇ ಹೋಗಿ, ಅದರ ಕೆಲಸವನ್ನು ಮೊದಲ ಸಲ ಕತ್ತು ತಿರುಗಿಸದೆ ನೋಡಿದೆ. ಅಮ್ಮ ಗೋಡೆ ಕಡೆ ಮುಖ ಮಾಡಿ ಕೊತ್ತಂಬರಿ ಬಿಡಿಸುತ್ತಿದ್ದಳು. ಅದು ಒಲೆಕಟ್ಟೆ ಹತ್ತಿ, ಹಾಲು ಕಂಠಕ್ಕೆ ಬರುವುದನ್ನೇ ಕಾದು, ಎರಡೂ ಅಂಗೈಯನ್ನು ಹಾಲಿನ ಮೇಲಿಟ್ಟು ಒತ್ತಿ ಹಿಡಿಯಿತು. ಮುಖ ಕಿವುಚಿಕೊಂಡಿತ್ತು. ಸದ್ದು ಮಾಡಲಿಲ್ಲ.

ನಾನು ಒಲೆ ಆರಿಸಿದೆ. “ಯಾಕೋ ಆರಿಸ್ದೆ” ಎಂದು ಅಮ್ಮ ಗೋಡೆಗೇ ಕೇಳಿದಳು.

ಗೊಂಬೆ ಒಣಗಿದ ದಿನ ಸರ್ವಮಂಗಳಮ್ಮ ಮತ್ತು ಪಾಲಾಕ್ಷನನ್ನು ಕರೆಸಿದೆವು. ಅದನ್ನು ನಡುಮನೆಯ ಮೇಜಿನ ಮೇಲಿಟ್ಟಿದ್ದೆ. ಇದು ಏನೆಂದು ತಿಳಿಯುತ್ತಲೇ ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡರು. “ಎಂಥಾ ಕೆಲಸ ಮಾಡ್ದೆ ಷಡಕ್ಷರಿ. ಮನೆ ಹಾಳು ಮಾಡ್ದೆ. ನಮ್ಮತ್ತೆಗೆ ಏನಂತ ಮುಖ ತೋರಿಸ್ಲಿ” ಎಂದರು. ಅವರ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು.

“ನೋಡಿದೆ, ಅದು ಹೋಗ್ಲಿಲ್ಲ ಅತ್ತೆ” ಎಂದೆ. “ಒಳಗೇ ಇದೆ. ನೀವು ಗೊಂಬೆನಾದ್ರೂ ನೋಡಿ.”

ದಾಕ್ಷಿ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಸರ್ವಮಂಗಳಮ್ಮ ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಬಹಳ ಹೊತ್ತು ನೋಡಿದರು. “ಕೋರೆಹಲ್ಲು ಇದೆ ಅಂದ್ಕೊಂಡಿದ್ದೆ” ಎಂದರು. ಪಾಲಾಕ್ಷ, “ನಾನು ರೆಕ್ಕೆ ಇದೆ ಅಂದ್ಕೊಂಡಿದ್ದೆ” ಎಂದ. ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ವರ್ಷ ಬೇರೆ ಬೇರೆಯದರ ಜೊತೆ ಬದುಕಿದ್ದರು.

ಸರ್ವಮಂಗಳಮ್ಮ ಗೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. “ಅಂಗೈ ಯಾಕೆ ಹೀಗೆ ಮಾಡಿದೀಯ? ಬಣ್ಣ ಸಾಲದೆ ಬಂತಾ?”

“ಇರೋದೇ ಹಾಗೆ.”

“ಏನಾಗಿದೆ ಅದಕ್ಕೆ?”

“ಹಾಲು, ಅತ್ತೆ” ಎಂದೆ. “ಉಕ್ಕದ ಹಾಗೆ ಕೈಯಲ್ಲಿ ಒತ್ತಿ ಹಿಡಿಯುತ್ತೆ.”

ಆಯಮ್ಮ ಗೊಂಬೆಯ ಅಂಗೈ ಮೇಲೆ ತಮ್ಮ ಹೆಬ್ಬೆರಳು ಸವರಿದರು. “ನಾನು ಹೂವು ಕಟ್ತಾ ಕೂತಿರ್ತಿದ್ದೆ” ಎಂದು ಕೊನೆಗೆ ಹೇಳಿ, ಸೆರಗು ಮುಖಕ್ಕೆ ಹಿಡಿದು ಅತ್ತರು. ಪಾಲಾಕ್ಷ ಏನು ಮಾಡಬೇಕೆಂದು ತೋಚದೆ ಎದ್ದು ಫ್ಯಾನು ಜೋರು ಮಾಡಿದ.

ಆಗ ಅದು ಕೋಣೆಯಿಂದ ಬಂತು. ಅಭ್ಯಾಸಬಲದಿಂದ ಎಲ್ಲರ ಕತ್ತೂ ಗೋಡೆಯ ಕಡೆ ಹೊರಳಿತು, ಸರ್ವಮಂಗಳಮ್ಮನದು ಅರ್ಧಕ್ಕೆ ನಿಂತು ವಾಪಸು ಬಂತು. ಅವರು ಅದನ್ನು ನೋಡಿದರು. ಅದು ಅವರನ್ನು ನೋಡಿತು. ಅವರ ಕೈಯಿಂದ ಗೊಂಬೆಯನ್ನು ತೆಗೆದುಕೊಂಡು, ಹೇಗೆ ಬಂತೋ ಹಾಗೇ ಒಳಗೆ ಹೋಯಿತು. ನಾವೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತೆವು. ಸ್ಟೂಲು ಹತ್ತಿ, ಗೊಂಬೆಯನ್ನು ಕಪ್ಪಾಗೂ ಕೊಡೆಗೂ ನಡುವೆ ಇಟ್ಟಿತು. ಜಾಗ ಸ್ವಲ್ಪ ಇಕ್ಕಟ್ಟಾಯಿತೇನೋ, ಕಪ್ಪಾವನ್ನು ಒಂಚೂರು ಆಚೆ ಸರಿಸಿತು. ಆಮೇಲೆ ಕಪ್ಪಾಗೆ ತಲೆ ಬಗ್ಗಿಸಿ ನಮಸ್ಕರಿಸಿತು, ನಾನು ಕಥೆಯಲ್ಲಿ ಹೇಳಿದ್ದ ಹಾಗೇ. ಇಳಿದು, ನಮ್ಮ ಕಾಲುಗಳ ನಡುವಿನಿಂದ ದಾರಿ ಮಾಡಿಕೊಂಡು, ಬೀದಿಗಿಳಿದು ತನ್ನ ಮನೆಯ ಕಡೆ ನಡೆಯಿತು. ದೀಪ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ.

ಅದಕ್ಕೆ ಬೇಕಿದ್ದದ್ದು ಏನು ಎಂದು ಇವತ್ತಿಗೂ ನನಗೆ ಗಟ್ಟಿಯಾಗಿ ಗೊತ್ತಿಲ್ಲ. ನಾನು ಅದರ ಅಭಿಮಾನಿಯೋ, ಅದು ಕಪ್ಪಾದ ಅಭಿಮಾನಿಯೋ, ಯಾರು ಯಾರನ್ನು ನೋಡಲು ಬಂದಿದ್ದರೋ. ಗುಂಪಿನಲ್ಲಿ ಗೊಂಬೆಯ ಫೋಟೋ ಹಾಕಲೆಂದು ಎಷ್ಟೋ ಸಲ ಫೋನು ಎತ್ತಿ ಮತ್ತೆ ಕೆಳಗಿಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಮಾತ್ರ ಈಚೆಗೆ ಕೆಲವರು ಕತ್ತು ಅರ್ಧಕ್ಕೆ ತಿರುಗಿಸಿ ನಿಂತಿರುವುದು ಕಾಣುತ್ತದೆ, ಅತ್ತ ಗೋಡೆಯನ್ನೂ ನೋಡದೆ, ಇತ್ತ ಅದನ್ನೂ ನೋಡದೆ.

ದಾಕ್ಷಿಯನ್ನು ಮನೆ ತುಂಬಿಸಿಕೊಂಡ ದಿನ ಸರ್ವಮಂಗಳಮ್ಮ ನಮ್ಮನ್ನೆಲ್ಲ ಅಡುಗೆಮನೆಗೆ ಕರೆದರು. ಒಲೆಯ ಮೇಲೆ ಹಾಲಿಟ್ಟು, ಬೀದಿ ಕಡೆಯ ಕಿಟಕಿಯನ್ನು ತಾವೇ ಪೂರ್ತಿ ತೆರೆದಿಟ್ಟರು. ಅದು ಒಲೆಕಟ್ಟೆಯ ತುದಿಯಲ್ಲಿ ಕೂತಿತ್ತು. ಹಾಲು ಏರತೊಡಗಿದಾಗ ಅದರ ಕೈಗಳು ತಾವಾಗಿಯೇ ಮೇಲೆದ್ದವು. ಸರ್ವಮಂಗಳಮ್ಮ ಆ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, “ಬಿಡು, ಇವತ್ತು ಉಕ್ಕಲಿ” ಎಂದರು. ಹಾಲು ಕಂಠ ದಾಟಿ ಸುತ್ತಲೂ ಸುರಿದು ಚುರ್ ಎಂದಿತು. ಅದು ಆ ಸದ್ದಿಗೆ ಬೆಚ್ಚಿ, ಆಮೇಲೆ ಬಗ್ಗಿ ನೋಡಿತು. ಹಾಲು ಉಕ್ಕಿದರೆ ಹೇಗಿರುತ್ತದೆ ಎಂದು ಅದು ಒಮ್ಮೆಯೂ ನೋಡಿರಲಿಲ್ಲ.